ಕೋಟೆಯ ಬಾಗಿಲಲ್ಲಿ ಬದಲಿ

ಹರಿಹರದ ಒಬ್ಬ ಹೆಣ್ಣುಮಗಳನ್ನು ನಾನು ಐದು ತಿಂಗಳು ಬಾಗಿಲಲ್ಲಿ ನಿಲ್ಲಿಸಿದೆ. ಅದು ಕಂಪ್ಯೂಟರ್ ಆಟವೊಂದರ ಕೋಟೆಯ ಬಾಗಿಲು. ಆಟದಲ್ಲಿ ಆದದ್ದಕ್ಕೆ ಯಾರಾದರೂ ಇಷ್ಟು ಕೊರಗುತ್ತಾರೆಯೇ ಎಂದು ನನ್ನ ವಾರಗೆಯವರು ನಗಬಹುದು. ನಗಲಿ. ಎಪ್ಪತ್ತು ದಾಟಿದ ಮೇಲೆ ಹಿಂದಿನ ತಪ್ಪುಗಳಲ್ಲಿ ಬಹಳಷ್ಟು ತಾವಾಗಿಯೇ ಮಸುಕಾಗುತ್ತವೆ. ಇದು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಿಲ್ಲಿನ ಮಾತು ಹೇಳಬೇಕು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ನಾನು ದಾವಣಗೆರೆಯ ಒಂದು ಬಟ್ಟೆ ಮಿಲ್ಲಿಗೆ ಬದಲಿಯಾಗಿ ಸೇರಿದೆ. ಬದಲಿ ಎಂದರೆ ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ನಿಲ್ಲುವವನು. ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಆನೆಕೊಂಡದಿಂದ ನಡೆದು ಹೋಗಿ ಗೇಟಿನ ಹೊರಗೆ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಒಳಗಿನಿಂದ ಜಾಬರ್ ಬಂದು ಇಂತಿಷ್ಟು ಮಂದಿ ಎಂದು ನಂಬರ್ ಕೂಗುತ್ತಾನೆ. ಯಾರು ಯಾವ ಯಂತ್ರದ ಮುಂದೆ ನಿಲ್ಲಬೇಕೆಂದು ಹೇಳುವವನು ಜಾಬರ್. ಕೂಗಿದವರು ಒಳಗೆ, ಉಳಿದವರು ಮನೆಗೆ. ಕೆಲವು ದಿನ ಒಳಗೆ ಹೋಗಿ ಯಂತ್ರಕ್ಕೆ ಕೈಹಚ್ಚಿದ ಮೇಲೆ ಕಾಯಂನವನು ಕಣ್ಣುಜ್ಜಿಕೊಳ್ಳುತ್ತ ಬರುತ್ತಿದ್ದ. ಆಗ ಬದಲಿ ಮಾತಿಲ್ಲದೆ ಹೊರಡಬೇಕು. ಅಂಥ ದಿನ ನಾನು ಬುತ್ತಿ ಬಿಚ್ಚದೆ ತಂದರೆ ಅವ್ವ ಏನೂ ಕೇಳುತ್ತಿರಲಿಲ್ಲ. ಡಬ್ಬಿ ಎತ್ತಿದ ಕೂಡಲೇ ತೂಕದಲ್ಲೇ ಆಕೆಗೆ ಗೊತ್ತಾಗುತ್ತಿತ್ತು.

ಮೂರು ವರ್ಷ ಹೀಗೆ ನಿಂತೆ. ಆಮೇಲೆ ಕಾಯಂ ಆದೆ, ಓದು ಬರಹ ಬರುತ್ತದೆಂದು ಮುಂದೆ ಜಾಬರ್ ಕೂಡ ಆದೆ. ಗೇಟಿನಲ್ಲಿ ನಂಬರ್ ಕೂಗುವವನು ನಾನೇ ಆದಾಗ, ಹೊರಗೆ ನಿಂತವರ ಮುಖ ನೋಡದೆ ಕಾರ್ಡು ನೋಡಿ ಕೂಗುವುದನ್ನು ಒಂದೇ ವಾರದಲ್ಲಿ ಕಲಿತೆ.

ಮಿಲ್ಲು ಮುಚ್ಚಿದ ಮೇಲೆ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನನ್ನ ಹೆಂಡತಿಯ ತಮ್ಮ ಇಂಟರ್‌ನೆಟ್ ಅಂಗಡಿ ತೆರೆದ. ಹತ್ತು ಕಂಪ್ಯೂಟರ್, ಮರದ ಹಲಗೆಯ ಗೂಡುಗಳು. ಗಲ್ಲಾದಲ್ಲಿ ಕೂಡಲು ನಂಬಿಕಸ್ತರು ಬೇಕೆಂದು ನನ್ನನ್ನು ಕರೆದ. ಸುಮ್ಮನೆ ಕೂತು ಸಾಕಾಗಿ, ಗಿರಾಕಿಗಳು ಆಡುತ್ತಿದ್ದ ಆಟವನ್ನು ನಾನೂ ಕಲಿತೆ. ಭಾವಮೈದುನನೇ ಕಲಿಸಿದ. ಆ ಆಟದಲ್ಲಿ ಒಂದು ಇಡೀ ಲೋಕವಿತ್ತು. ಸಾವಿರಾರು ಮಂದಿ ತಮ್ಮ ತಮ್ಮ ಊರಲ್ಲಿ ಕೂತು ಅದರೊಳಗೆ ಓಡಾಡುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಬೊಂಬೆ, ಅದಕ್ಕೊಂದು ಹೆಸರು. ಒಬ್ಬರಿಗಿದ್ದ ಹೆಸರು ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಜೊತೆಗಾರರ ಮಾತು ಪಕ್ಕದಲ್ಲೇ ಕೂತಂತೆ ಕೇಳುತ್ತಿತ್ತು.

ನಮ್ಮದು ಕನ್ನಡದವರ ಹನ್ನೆರಡು ಜನರ ಸಂಘ. ದಾವಣಗೆರೆಯ ನಾಲ್ವರು, ಉಳಿದವರು ಹುಬ್ಬಳ್ಳಿ, ಶಿವಮೊಗ್ಗ ಎಂದು ಚದುರಿದವರು. ವಯಸ್ಸಿನಲ್ಲಿ ಹಿರಿಯನೆಂದು ನನ್ನನ್ನು ಮುಖಂಡ ಮಾಡಿದರು. ಹಳೆಯ ಕೆಲಸ ಗೊತ್ತಿದ್ದರಿಂದ ಜಾಬರ್ ಸಾಹೇಬರೇ ಎಂದು ಕರೆಯುತ್ತಿದ್ದರು. ನನಗೆ ಅದು ಹಿತವಾಗಿಯೇ ಇತ್ತು.

ಆ ಆಟಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಬೇಕಿತ್ತು. ಅದನ್ನು ಕಟ್ಟಲು ಕ್ರೆಡಿಟ್ ಕಾರ್ಡು ಬೇಕು. ಆಗ ನಮ್ಮ ಕಡೆ ಕ್ರೆಡಿಟ್ ಕಾರ್ಡು ಇದ್ದವರು ಡಾಕ್ಟರು, ದೊಡ್ಡ ವ್ಯಾಪಾರಸ್ಥರು. ಭಾವಮೈದುನನ ಹತ್ತಿರ ಒಂದಿತ್ತು. ನಾವು ದಾವಣಗೆರೆಯ ನಾಲ್ವರೂ ಅದರ ಮೇಲೇ ಒಳಗೆ ಬಂದವರು. ಅಂದರೆ ಆಟಕ್ಕೂ ಒಂದು ಗೇಟಿತ್ತು. ನಮಗೆ ಅದು ಕಾಣುತ್ತಿರಲಿಲ್ಲ, ಏಕೆಂದರೆ ನಾವು ಒಳಗಿದ್ದೆವು.

ಕೆಲವು ವರ್ಷದ ಮೇಲೆ ಕಂಪನಿಯವರು ಚಂದಾ ತೆಗೆದುಹಾಕಿದರು. ಇನ್ನು ಮುಂದೆ ಯಾರು ಬೇಕಾದರೂ ಬಿಟ್ಟಿ ಬಂದು ಆಡಬಹುದು. ಹಾಗಾದರೆ ಅವರಿಗೆ ಗಿಟ್ಟುವುದು ಹೇಗೆ? ಒಳಗೇ ಒಂದು ಅಂಗಡಿ ತೆರೆದರು. ಬಣ್ಣದ ಬಟ್ಟೆ, ಕುದುರೆ, ಹೊಸ ಹೆಸರು, ಹೀಗೆ ಬೇಕಾದವರು ಕೊಳ್ಳಬಹುದು. ಚಂದಾ ಕಟ್ಟಿದ ಹಳಬರಿಗೆ ಸಮಾಧಾನವಾಗಲೆಂದು ನಮ್ಮ ಬೊಂಬೆಗಳ ಹೆಸರಿನ ಸುತ್ತ ಚಿನ್ನದ ಬಣ್ಣದ ಅಂಚು ಹಾಕಿಕೊಟ್ಟರು.

ಸಂತೋಷ ಪಡಬೇಕಿತ್ತು. ನಾವು ಉರಿದುಕೊಂಡೆವು. ಮನೆಯಲ್ಲಿ ನಾನು ಗೊಣಗುವುದನ್ನು ಕೇಳಿ ಹೆಂಡತಿ ಅಂದಳು, "ಬಸ್ಸಿನಾಗ ಟಿಕೆಟ್ ತಗದ್ರೆ ಬೈತೀರಿ, ಬಿಟ್ಟಿ ಬಿಟ್ರೂ ಬೈತೀರಿ. ಏನಾಗ್ಬೇಕು ನಿಮಗ?"

"ನಾವು ಇಷ್ಟು ವರ್ಷ ಕಟ್ಟೀವಿ. ಈಗ ದಾರ್ಯಾಗ ಹೋಗೋರೆಲ್ಲ ಬರ್ತಾರೆ."

"ಬರ್ಲಿ ಬಿಡ್ರಿ. ನಿಮ್ಮ ಕುರ್ಚಿ ಏನು ಎಳಕಂತಾರೇನು?"

ಬಂದರು. ನಮ್ಮ ಸಂಘಕ್ಕೇ ಇಪ್ಪತ್ತು ಇಪ್ಪತ್ತೈದು ಮಂದಿ ಕೇಳಿಕೊಂಡು ಬಂದರು. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾವು ಒಂದು ದೊಡ್ಡ ಕೋಟೆಗೆ ಮುತ್ತಿಗೆ ಹಾಕುತ್ತಿದ್ದೆವು. ಅದಕ್ಕೆ ಏಳು ಬಾಗಿಲು. ಒಳಗೆ ಹೋಗಲು ಹನ್ನೆರಡೇ ಜನಕ್ಕೆ ಅವಕಾಶ. ಏಳನೆಯ ಬಾಗಿಲನ್ನು ನಮ್ಮ ಕಡೆಯ ಯಾರೂ ಒಡೆದಿರಲಿಲ್ಲ. ಒಡೆದರೆ ಅಲ್ಲಿನ ಒಂದು ಕಲ್ಲಿನ ಮೇಲೆ ಆ ಹನ್ನೆರಡು ಹೆಸರು ಕಾಣುತ್ತವೆ, ಆಟ ಇರುವವರೆಗೆ.

ಆಗ ನಾನು ಮಾಡಿದ್ದು ಮಿಲ್ಲಿನವನಿಗೆ ಮಾತ್ರ ಹೊಳೆಯುವ ಕೆಲಸ. ಹಳಬರು ಹನ್ನೆರಡು ಮಂದಿ ಕಾಯಂ, ಹೊಸಬರು ಬದಲಿ ಎಂದು ಸಾರಿದೆ. ಭಾನುವಾರ ಬದಲಿಗಳು ಹತ್ತಕ್ಕೆ ಸರಿಯಾಗಿ ಕೋಟೆಯ ಹೊರಗೆ ತಮ್ಮ ಬೊಂಬೆ ತಂದು ಸಾಲಾಗಿ ನಿಲ್ಲಿಸಬೇಕು. ಕಾಯಂನವರು ಯಾರಾದರೂ ಬಾರದಿದ್ದರೆ ನಾನು ಒಬ್ಬರ ಫೋನಿಗೆ ಮಿಸ್ ಕಾಲ್ ಕೊಡುತ್ತೇನೆ. ಮಿಸ್ ಕಾಲ್ ಬಂದವರು ಒಳಗೆ, ಉಳಿದವರು ಮನೆಗೆ. ಕಾಯಂನವರು ತಡವಾಗಿ ಬಂದರೂ ಬದಲಿ ಜಾಗ ಬಿಡಬೇಕು. ಇದು ಅನ್ಯಾಯವೆಂದು ನನಗೆ ಒಂದು ಕ್ಷಣಕ್ಕೂ ಅನ್ನಿಸಲಿಲ್ಲ. ಶಿಸ್ತು ತಂದೆ ಎಂದುಕೊಂಡೆ.

ಒಂದು ತಿಂಗಳಲ್ಲಿ ಬದಲಿಗಳೆಲ್ಲ ಬೇಸತ್ತು ಚದುರಿದರು. ಉಳಿದವಳು ಹರಿಹರದ ಆ ಹೆಣ್ಣುಮಗಳು ಒಬ್ಬಳೇ. ಮೂವತ್ತೈದು ದಾಟಿದ ದನಿ, ಮಾತಿನಲ್ಲಿ ಮೆತ್ತಗೆ ಒಂದು ನಗೆ. ಆಕೆಯದು ವೈದ್ಯೆಯ ಬೊಂಬೆ, ಕಾದಾಟದಲ್ಲಿ ಗಾಯಗೊಂಡವರನ್ನು ಎಬ್ಬಿಸುವುದು ಅದರ ಕೆಲಸ. ಅದೇ ಕೆಲಸ ನನ್ನ ಭಾವಮೈದುನನದೂ ಆಗಿತ್ತು. ಅವನು ತಿಂಗಳಲ್ಲಿ ಮೂರು ಭಾನುವಾರ ಮದುವೆ, ನಾಮಕರಣ ಎಂದು ತಪ್ಪಿಸುತ್ತಿದ್ದ. ಆ ಮೂರೂ ದಿನ ಆಕೆಗೆ ಮಿಸ್ ಕಾಲ್ ಹೋಗುತ್ತಿತ್ತು.

ಆಕೆ ಬಂದ ದಿನ ನಮ್ಮ ಕೆಲಸ ಹೂವೆತ್ತಿದಂತೆ ಆಗುತ್ತಿತ್ತು. ನಾವು ಬೀಳುವ ಮೊದಲೇ ಯಾರು ಬೀಳುತ್ತಾರೆಂದು ಆಕೆಗೆ ತಿಳಿಯುತ್ತಿತ್ತು. ಒಂದು ದಿನ ಹುಬ್ಬಳ್ಳಿಯವನು ಹೇಳಿಯೇಬಿಟ್ಟ, "ಜಾಬರ್ ಸಾಹೇಬ್ರ, ಈಕಿ ಕೈಯಾಗ ಯಮನೂ ಸೋತು ಕಂಗಾಲಾಗ್ಯಾನ ನೋಡ್ರಿ. ಈಕಿನ್ನ ಕಾಯಂ ಮಾಡ್ರಿ."

ಆಕೆಯೂ ನಗುತ್ತಲೇ ಕೇಳಿದಳು. "ಯಾವಾಗ ಮಾಡ್ತೀರಿ ಅಣ್ಣಾರೆ? ಶಾಲ್ಯಾಗೂ ನಾನು ಬದ್ಲೀನೇ ರೀ. ಅತಿಥಿ ಶಿಕ್ಷಕಿ. ಪ್ರತಿ ಜೂನ್‌ನಾಗ ಈ ವರ್ಷ ಕರೀತಾರೋ ಇಲ್ಲೋ ಅಂತ ಕಾಯೋದೇ ಆತು. ಇಲ್ಲಾದ್ರೂ ಒಂದ್ ಕಡೆ ಗಟ್ಟಿಯಾಗಿ ಕೂಡ್ಸ್ರಿ ನನ್ನ."

"ಜಾಗ ಖಾಲಿ ಆಗ್ಲಿ ಬದ್ಲಿಯವ್ವ, ಮೊದಲ್ನೇ ನಂಬರ್ ನಿಂದೇ," ಎಂದೆ ನಾನು. ಎಲ್ಲರೂ ನಕ್ಕರು.

ಜಾಗ ಖಾಲಿಯಾಯಿತು. ಶಿವಮೊಗ್ಗದವನೊಬ್ಬ ಮದುವೆಯಾಗಿ ಆಟ ಬಿಟ್ಟ. ಅದೇ ವಾರ, ಹಿಂದೆ ಯಾವಾಗಲೋ ಚಂದಾ ಕಟ್ಟಿ ಆಡಿ ಬಿಟ್ಟುಹೋಗಿದ್ದ ಹಳಬನೊಬ್ಬ ತಿರುಗಿ ಬಂದ. ಅವನ ಹೆಸರಿಗೆ ಚಿನ್ನದ ಅಂಚಿತ್ತು. ಜಾಗ ಅವನಿಗೆ ಕೊಟ್ಟೆ. ಆಕೆಗೆ ಏನೂ ಹೇಳಲಿಲ್ಲ. ಮುಂದಿನ ಭಾನುವಾರವೂ ಆಕೆಯ ಬೊಂಬೆ ಹತ್ತಕ್ಕೆ ಸರಿಯಾಗಿ ಕೋಟೆಯ ಹೊರಗೆ ನಿಂತಿತ್ತು.

ಐದನೆಯ ತಿಂಗಳಿನ ಒಂದು ಭಾನುವಾರ. ಅಂದು ಭಾವಮೈದುನ ಬರುವುದಾಗಿ ಹೇಳಿದ್ದ, ಆದರೆ ಬಿ ಬ್ಲಾಕಿನಲ್ಲಿ ಕರೆಂಟು ಹೋಗಿತ್ತು. ನಾನು ಆಗ ಆನೆಕೊಂಡದ ಮನೆಯಲ್ಲಿ, ಅಂಗಡಿಯಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದೆ. ಹರಿಹರಕ್ಕೆ ಮಿಸ್ ಕಾಲ್ ಕೊಟ್ಟೆ. ಅಂದು ಆಕೆಯ ಕೈ ಒಮ್ಮೆಯೂ ತಪ್ಪಲಿಲ್ಲ. ಮೂರನೆಯ ಬಾಗಿಲಲ್ಲಿ ಹತ್ತು ಮಂದಿ ನೆಲ ಕಚ್ಚಿದಾಗ ಆಕೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿದಳು. ಆರನೆಯ ಬಾಗಿಲು ಬಿದ್ದಾಗ ಎಲ್ಲರೂ ಕೂಗಿದರು. ಏಳನೆಯದರ ಮುಂದೆ ಹತ್ತು ನಿಮಿಷ ಸುಧಾರಿಸಿಕೊಳ್ಳಲು ನಿಂತೆವು. ಹೆಂಡತಿ ಮಂಡಕ್ಕಿ ಒಗ್ಗರಣೆ ತಂದು ಪಕ್ಕದಲ್ಲಿಟ್ಟಳು.

ಆಗ ಹೆಡ್‌ಫೋನಿನಲ್ಲಿ ಭಾವಮೈದುನನ ದನಿ ಬಂತು. "ಭಾವಾ, ಕರೆಂಟ್ ಬಂತು! ಏಳನೇದಕ್ಕ ಬಂದೀರಂತಲ್ಲ? ನನ್ನ ಜಾಗ ಐತಿಲ್ಲ?"

"ಐತೆ ಬಾ," ಎಂದೆ.

"ಅಣ್ಣಾರೆ," ಎಂದಳು ಆಕೆ, "ಇನ್ನೊಂದೇ ಬಾಗ್ಲು ಉಳದೈತೆ."

"ಗೊತ್ತಮ್ಮಾ. ಕಾಯಂನೋರು ಬಂದ್ರು."

"ಇಲ್ಲೀ ತನಕ ಬಂದೀನಲ್ರೀ."

ಹುಬ್ಬಳ್ಳಿಯವನು ನಡುವೆ ಬಂದ. "ಇರ್ಲಿ ಬಿಡ್ರಿ ಸಾಹೇಬ್ರ. ಆಕಿ ಇಲ್ದಿದ್ರ ನಾವು ಮೂರನೇ ಬಾಗ್ಲಾಗೇ ಮಣ್ಣು ಮುಕ್ಕಿರ್ತಿದ್ವಿ. ಅವ್ರು ಮುಂದಿನ ವಾರ ಬರ್ಲಿ."

"ರೂಲು ಅಂದ್ರೆ ರೂಲು ನೋಡಪ್ಪ. ಒಬ್ರಿಗೆ ಬಿಟ್ರೆ ನಾಳೆ ಎಲ್ಲಾರೂ ಕೇಳ್ತಾರೆ."

ಕೇಳಲು ಇನ್ಯಾವ ಬದಲಿಯೂ ಉಳಿದಿರಲಿಲ್ಲ. ಅದು ನನಗೆ ಗೊತ್ತಿತ್ತು. ನಾನು ಆಕೆಯ ಹೆಸರಿನ ಪಕ್ಕದ ಗುಂಡಿ ಒತ್ತಿದೆ. ಆಕೆಯ ಬೊಂಬೆ ಮಾಯವಾಯಿತು, ಭಾವಮೈದುನನದು ಬಂದು ನಿಂತಿತು. ಮಿಲ್ಲಿನಲ್ಲಾದರೆ ಹೊರಡುವವನು ಎದುರಿಗೆ ನಡೆದುಹೋಗುವುದಾದರೂ ಕಾಣುತ್ತಿತ್ತು.

ಅರ್ಧ ಗಂಟೆಯಲ್ಲಿ ಏಳನೆಯ ಬಾಗಿಲು ಒಡೆದೆವು. ಕಲ್ಲಿನ ಮೇಲೆ ಹನ್ನೆರಡು ಹೆಸರು ಒಂದೊಂದಾಗಿ ಮೂಡಿದವು. ನನ್ನದು ಮೇಲೆ, ಭಾವಮೈದುನನದು ಕೆಳಗೆ. ಅವನು ಕುಣಿದಾಡಿದ, ಸಂಜೆ ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸುತ್ತೇನೆಂದ. ಹುಬ್ಬಳ್ಳಿಯವನು "ಬರ್ತೀನ್ರಿ" ಎಂದಷ್ಟೇ ಹೇಳಿ ಹೋದವನು ಆಮೇಲೆ ಅಪರೂಪವಾದ. ನಾನು ಹೆಡ್‌ಫೋನ್ ತೆಗೆದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕಡೆಯ ಮಾತೆಲ್ಲ ಆಕೆಗೆ ಕೇಳಿಸಿತ್ತು.

"ಗೆದ್ದೀರೇನು?"

"ಗೆದ್ವಿ. ನಿನ್ನ ತಮ್ಮಂದೂ ಹೆಸ್ರು ಬಂತು."

"ಅವ ನನ್ನ ತಮ್ಮ, ಖರೆ. ಆದ್ರೂ ಮಾಡಿದ ಅಡಿಗಿ ಮ್ಯಾಲೆ ಬಂದು ಉಂಡೋದಾಂಗಾತು ನೋಡ್ರಿ. ಮಿಲ್ಲು ಮುಚ್ಚಿ ಎಷ್ಟ್ ವರ್ಷಾತು, ನಿಮ್ಮ ಜಾಬರಕಿ ಮುಚ್ಚಲಿಲ್ಲ."

ನಾನು ತಣ್ಣಗಾದ ಮಂಡಕ್ಕಿ ತಿಂದೆ.

ಮುಂದಿನ ಭಾನುವಾರ ಕೋಟೆಯ ಹೊರಗೆ ಯಾರೂ ಇರಲಿಲ್ಲ. ಮಿಸ್ ಕಾಲ್ ಕೊಟ್ಟೆ. ಅದರ ಮುಂದಿನ ವಾರವೂ ಕೊಟ್ಟೆ. ಪೂರ್ತಿ ಕರೆ ಮಾಡಿ ಮಾತಾಡಬಹುದಿತ್ತು. ಅದನ್ನು ಮಾಡಲಿಲ್ಲ, ಏಕೆಂದರೆ ಮಾತಾಡಿದರೆ ತಪ್ಪಾಯಿತೆಂದು ಹೇಳಬೇಕಾಗುತ್ತಿತ್ತು. ಒಂದು ದಿನ ಸಂಘದ ಪಟ್ಟಿ ನೋಡಿದಾಗ ಆಕೆಯ ಹೆಸರೇ ಇರಲಿಲ್ಲ. ಆಕೆ ಬೊಂಬೆಯನ್ನು ಅಳಿಸಿಹಾಕಿದ್ದಳು.

ಸಂಘ ಒಂದು ವರ್ಷದಲ್ಲಿ ಸವೆಯಿತು. ಗೆದ್ದಾದ ಮೇಲೆ ಬರಲು ಯಾರಿಗೂ ಕಾರಣವಿರಲಿಲ್ಲ. ನಾನೊಬ್ಬನೇ ಕೆಲವು ಸಲ ಹೋಗಿ ಆ ಕಲ್ಲಿನ ಮುಂದೆ ನಿಲ್ಲುತ್ತಿದ್ದೆ. ಹನ್ನೆರಡು ಹೆಸರು ಓದುವಾಗ ಪ್ರತಿ ಸಲ ಹದಿಮೂರನೆಯದು ನೆನಪಾಗುತ್ತಿತ್ತು. ಬುತ್ತಿ ಬಿಚ್ಚದೆ ಮನೆಗೆ ಬರುತ್ತಿದ್ದ ದಾರಿ, ಅದರ ಬಿಸಿಲು, ಎಲ್ಲವೂ ನೆನಪಾಗತೊಡಗಿತು. ಅಷ್ಟು ವರ್ಷ ಅದನ್ನು ಎಲ್ಲಿ ಬಚ್ಚಿಟ್ಟಿದ್ದೆನೋ.

ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ಉಪಾಯ ಎನ್ನಲೂ ಈಗ ನಾಚಿಕೆಯಾಗುತ್ತದೆ. ಆಟದ ಅಂಗಡಿಯಲ್ಲಿ ಹೊಸ ಹೆಸರು ಕೊಳ್ಳಬಹುದಿತ್ತು. ಬೊಂಬೆಯ ಹೆಸರು ಬದಲಾದರೆ ಕಲ್ಲಿನ ಮೇಲೂ ಬದಲಾಗುತ್ತಿತ್ತು. ಆಕೆ ಬಿಟ್ಟುಹೋದ ಹೆಸರು ಖಾಲಿ ಇತ್ತು. ನಾನು ಅದನ್ನು ಕೊಂಡು ನನ್ನ ಬೊಂಬೆಗೆ ಇಟ್ಟೆ. ಹೋಗಿ ನೋಡಿದರೆ ಕಲ್ಲಿನ ಎಲ್ಲಕ್ಕಿಂತ ಮೇಲೆ ಆಕೆಯ ಹೆಸರು, ಅದರ ಸುತ್ತ ಚಿನ್ನದ ಅಂಚು. ನನ್ನ ಹೆಸರನ್ನೇ ಅಳಿಸಿಕೊಂಡು ಆಕೆಯದನ್ನು ಕೆತ್ತಿಸಿದೆನೆಂದು ಮನಸ್ಸು ಹಗುರವಾಯಿತು. ಆಕೆ ಎಂದಾದರೂ ನೋಡಿಯೇ ನೋಡುತ್ತಾಳೆ, ನೋಡಿದರೆ ಅರ್ಥವಾಗುತ್ತದೆ ಎಂದುಕೊಂಡೆ. ಹೇಳಿ ಕ್ಷಮೆ ಕೇಳುವ ಕಷ್ಟವೂ ತಪ್ಪಿತು.

ನಾಲ್ಕೈದು ತಿಂಗಳಾಗಿರಬೇಕು. ಮಧ್ಯಾಹ್ನ ಫೋನ್ ಬಂತು. ಹರಿಹರದ ನಂಬರು. ಆಕೆಯಾಗಿ ನನಗೆ ಫೋನ್ ಮಾಡಿದ್ದು ಅದೇ ಮೊದಲು.

"ಅಣ್ಣಾರೆ, ನಾನ್ರೀ, ಹರಿಹರದ ಬದ್ಲಿ. ಆರಾಮಿದೀರಾ? ಒಂದು ಸಹಾಯ ಆಗ್ಬೇಕಿತ್ರೀ. ಮತ್ತೆ ಆಡಾಣ ಅಂತ ಹೊಸಾ ಬೊಂಬಿ ಮಾಡಾಕ ಹೋದೆ. ನನ್ನ ಹೆಸ್ರು ಹಾಕಿದ್ರೆ ಇದು ಬ್ಯಾರೇರದು ಅಂತ ಬರ್ತೈತೆ. ನೀವು ಹಳಬ್ರು. ಯಾರು ತಗಂಡಾರೆ ಅಂತ ಸ್ವಲ್ಪ ನೋಡಿ ಹೇಳ್ತೀರಾ? ಕೈಮುಗ್ದು ಕೇಳ್ಕಂತೀನಿ ಅವ್ರನ್ನ."

"ವಿಚಾರಸ್ತೀನಮ್ಮಾ," ಎಂದೆ. ಇದನ್ನೂ ಬರೆಯಲೇಬೇಕು. ಆ ಹೊತ್ತಿನಲ್ಲಿ ನಾನು ಅಂದದ್ದು ಅದೇ, ವಿಚಾರಿಸುತ್ತೇನೆ ಎಂದು.

ಎರಡು ದಿನ ಒದ್ದಾಡಿ ಹೆಂಡತಿಗೆ ಹೇಳಿದೆ. "ಹೋಗ್ಬರ್ರಿ," ಎಂದಳು, "ಫೋನಿನಾಗ ಹೇಳಿದ್ರೆ ನೀವು ಮತ್ತೆ ಅರ್ಧ ನುಂಗ್ತೀರಿ." ಮನೆಯ ಗುರುತು ಕೇಳಿಕೊಂಡು ಹರಿಹರದ ಬಸ್ಸು ಹತ್ತಿದೆ. ಬಾತಿ ದಾಟುವವರೆಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಹರಿಹರದಲ್ಲಿ ಇಳಿದಾಗ ಎಲ್ಲ ಕಲಸಿಹೋಗಿತ್ತು.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಆಕೆಯ ತಾಯಿ ಮಲಗಿದ್ದರು. ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತಂತೆ, ಒಂದು ಪಕ್ಕ ಎತ್ತಲಾಗದು, ಮಾತೂ ಹೋಗಿತ್ತು. ಕಣ್ಣು ಮಾತ್ರ ನನ್ನ ಮೇಲೆ ನೆಟ್ಟಿತ್ತು. ಮಂಚದಿಂದ ಕೈಗೆ ಎಟಕುವಷ್ಟು ಹತ್ತಿರದಲ್ಲಿ ಕಂಪ್ಯೂಟರ್ ಇತ್ತು. ಆಕೆ ಭಾನುವಾರಗಳನ್ನು ಅಲ್ಲೇ ಕೂತು ಆಡಿದ್ದಳು.

"ಬರ್ರಿ, ಕೂಡ್ರಿ. ಇಷ್ಟಕ್ಕೆ ಇಲ್ಲೀತನಕ ಯಾಕ ಬರಾಕ ಹೋದ್ರಿ ಅಣ್ಣಾರೆ? ಸಿಕ್ಕ್ರೇನು ಅವ್ರು?"

"ನಾನೇ ತಗಂಡಿದ್ದು."

ಚಹದ ಲೋಟ ಕೊಡಲು ಬಂದವಳು ಹಾಗೇ ನಿಂತಳು. ನಾನು ಕಲ್ಲಿನ ವಿಷಯ ಹೇಳಿದೆ. ನನ್ನ ಹೆಸರು ತೆಗೆದು ಆಕೆಯದನ್ನು ಹಾಕಿಸಿದ್ದು, ಎಲ್ಲಕ್ಕಿಂತ ಮೇಲೆ ಇರುವುದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಬಂದಿತ್ತೆಂದು ಕಾಣುತ್ತದೆ.

"ಆ ಕಲ್ಲಿನ ಮ್ಯಾಲಿರೋದು ನಿಮ್ಮ ಬೊಂಬಿ ಅಲ್ಲೇನ್ರೀ?" ಎಂದಳು. "ಬಾಗ್ಲಿಗೆ ಬಂದಾಗ ಹೊರಗೆ ಹಾಕಿದ್ರಿ. ಹೋಗ್ಲಿ, ಆಟ ಅಂತ ಸುಮ್ಮನಾದೆ. ಈಗ ಹೆಸ್ರೂ ತಗಂಡ್ರಿ."

"ತಪ್ಪಾತಮ್ಮಾ. ನಿನಗ ಅಂತಲೇ ಮಾಡಿದೆ."

"ನನ್ನ ಕೇಳಿದ್ರೇನು?"

ಲೋಟ ನನ್ನ ಮುಂದೆ ಇಟ್ಟು ತಾಯಿಯ ಹೊದಿಕೆ ಸರಿಮಾಡಿದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು. "ಶಾಲ್ಯಾಗಿನ ಹೆಸ್ರು ಬ್ಯಾರೆ ಐತ್ರೀ ನನಗೆ. ಇದು ಅವ್ವ ಕರೀತಿದ್ದ ಹೆಸ್ರು, ಮನ್ಯಾಗಿಂದು. ಅವ್ವನ ಮಾತು ಹೋದ ಮ್ಯಾಲೆ ಕರಿಯೋರೇ ಇಲ್ಲ. ನಿಮ್ಮ ಸಂಘದಾಗ ಅವ್ರೆಲ್ಲ ಕರೀತಿದ್ರು. ನಾನು ಹೆಡ್‌ಫೋನ್ ಹಾಕ್ಕಂತಿರ್ಲಿಲ್ರೀ, ಸ್ಪೀಕರ್ ಹಾಕ್ತಿದ್ದೆ. ಅವ್ವಗ ಕೇಳ್ಲಿ ಅಂತ. ಅವರು ಕರದಾಗೆಲ್ಲ ಅವ್ವ ಈ ಕಡೆ ಹೊಳ್ಳಿ ನೋಡ್ತಿದ್ಲು. ಅದಕ್ಕೇ ಬಂದು ನಿಲ್ತಿದ್ದೆ ನಿಮ್ಮ ಬಾಗ್ಲಾಗ." ಸ್ವಲ್ಪ ತಡೆದು ಸೇರಿಸಿದಳು, "ನೀವೊಬ್ರು ಒಂದ್ ದಿನಾನೂ ಆ ಹೆಸ್ರು ಹಿಡಿದು ಕರೀಲಿಲ್ಲ. ಬದ್ಲಿ, ಬದ್ಲಿಯವ್ವ, ಇಷ್ಟೇ."

ಚಹ ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಇವತ್ತೇ ಹೆಸರು ಬಿಟ್ಟುಕೊಡುತ್ತೇನೆಂದು ಹೇಳಿ ಎದ್ದೆ. ಬಾಗಿಲವರೆಗೆ ಬಂದು, "ನಿಧಾನ ರೀ, ಮೆಟ್ಲು ಎತ್ತರ ಐತೆ," ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಅಂದೇ ಸಂಜೆ ಆಟದ ಅಂಗಡಿಯಿಂದ ನನ್ನ ಹಳೆಯ ಹೆಸರನ್ನೇ ಮತ್ತೆ ಕೊಂಡೆ. ಕಲ್ಲಿನ ಮೇಲೆ ಅದೇ ಬಂದು ಕೂತಿತು. ಆಮೇಲೆ ಹರಿಹರಕ್ಕೆ ಫೋನ್ ಮಾಡಿದೆ.

"ಬಿಟ್ಟೀನಮ್ಮಾ. ಈಗ ಖಾಲಿ ಐತೆ."

"ಹೌದೇನ್ರಿ. ಆತು."

ಆಕೆ ಫೋನ್ ಇಡಲಿಲ್ಲ. ಆ ಕಡೆ ಮಂಚ ಕಿರುಗುಟ್ಟಿದ ಸದ್ದು ಕೇಳಿತು. ಫೋನ್ ಸ್ಪೀಕರಿನಲ್ಲಿ ಇದ್ದಿರಬೇಕು. ನಾನು ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಎರಡಕ್ಷರದ ಆ ಹೆಸರು, ಅಷ್ಟೇ. ಆದರೆ ಅಷ್ಟು ವರ್ಷ ಜನರನ್ನು ಕಾರ್ಡಿನ ನಂಬರಿನಿಂದ ಕೂಗಿದ ನಾಲಿಗೆ ಹೊರಳಲಿಲ್ಲ. ಬೇರೆಯವರ ಮನೆಯ ಹೆಣ್ಣುಮಗಳನ್ನು ತಾಯಿ ಕರೆಯುವ ಹೆಸರಿನಿಂದ ಕರೆಯಲು ನಾನು ಯಾರು ಎಂದೂ ಅನ್ನಿಸಿತು. ಹಿಂಜರಿಯುವವನಿಗೆ ಕಾರಣಗಳಿಗೇನು ಬರ.

"ಆತು ತಾಯಿ, ಅವ್ವನ್ನ ಚಲೋ ನೋಡ್ಕ," ಎಂದುಬಿಟ್ಟೆ.

"ಹೂನ್ರಿ," ಎಂದು ಆಕೆ ಇಟ್ಟಳು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಹೆಸ್ರು ಹಿಡಿದು ಒಂದ್ ಸಲ ಕರದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಆಕೆಯ ತಾಯಿ ತೀರಿಕೊಂಡ ಸುದ್ದಿ ಎರಡು ವರ್ಷದ ಮೇಲೆ ಹುಬ್ಬಳ್ಳಿಯವನಿಂದ ತಿಳಿಯಿತು. ಆಕೆ ಅವನ ಹೊಸ ಸಂಘದಲ್ಲಿ ಆಡುತ್ತಾಳಂತೆ, ಅಲ್ಲಿ ಎಲ್ಲರೂ ಆಕೆಯನ್ನು ಆ ಹೆಸರಿನಿಂದಲೇ ಕರೆಯುತ್ತಾರಂತೆ. ನನ್ನ ಬಾಯಲ್ಲಿ ಅದು ಈವರೆಗೆ ಬಂದಿಲ್ಲ. ಇಲ್ಲಿ ಬರೆಯಲು ಮೂರು ಸಲ ಪೆನ್ನು ಊರಿದೆ, ಆಗಲಿಲ್ಲ.